ಹತ್ತು ಜನ, ಇಪ್ಪತ್ತು ಜನ: ಬದಲಾಗುವ ಕಾರ್ಮಿಕ ಕಾನೂನುಗಳ ಬಗ್ಗೆ ಹೊಟೇಲು ಮಾಲೀಕರೊಬ್ಬರಿಗೆ ಉತ್ತರ

ಪ್ರಶ್ನೆ: ಮುಂಬಯಿ ಪಕ್ಕದ ಠಾಣೆಯಲ್ಲಿ ತಂದೆಯವರು ಆರಂಭಿಸಿದ ಸಸ್ಯಾಹಾರಿ ಹೊಟೇಲನ್ನು ಈಗ ನಾನು ನಡೆಸುತ್ತಿದ್ದೇನೆ. ಅಲ್ಲಿ 17 ಜನ ಕೆಲಸಗಾರರಿದ್ದಾರೆ. ಪುಣೆಯ ಹೊರವಲಯದಲ್ಲಿ ನನ್ನದೇ ಹೆಸರಿನಲ್ಲಿ ಇನ್ನೊಂದು ಶಾಖೆ ತೆರೆದಿದ್ದು, ಅಲ್ಲಿ 8 ಜನರಿದ್ದಾರೆ. ಇ.ಎಸ್.ಐ. ಕಟ್ಟುತ್ತಿದ್ದೇವೆ, ಇಪ್ಪತ್ತು ಜನರಿಲ್ಲವೆಂದು ಪಿ.ಎಫ್. ಮಾಡಿಲ್ಲ. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ ಗುಮಾಸ್ತಾ ಎನ್ನುವ ಅಂಗಡಿ ಕಾನೂನು ಇನ್ನು ನಮಗಿಲ್ಲವೆಂದು ಪರಿಚಯದ ಮಾಲೀಕರೊಬ್ಬರು ಹೇಳುತ್ತಾರೆ. ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳಿಂದ ಎಲ್ಲವೂ ಬದಲಾಯಿತೆಂದು ಲೆಕ್ಕಪರಿಶೋಧಕರು, ರಾಜ್ಯದ ನಿಯಮಗಳು ಬರುವವರೆಗೆ ಏನೂ ಮಾಡಬೇಕಿಲ್ಲವೆಂದು ಕಾರ್ಮಿಕ ಸಲಹೆಗಾರರು ಹೇಳುತ್ತಾರೆ. ದಿನವಿಡೀ ಗಲ್ಲಾದಲ್ಲಿ ಕುಳಿತಿರುವ ನನ್ನಂಥವನು ಇದನ್ನೆಲ್ಲ ಗಮನಿಸುತ್ತಿರುವುದು ಹೇಗೆ? ಮುಂದೆ ಗೋವಾದ ಮಡಗಾಂವಿನಲ್ಲಿ ಶಾಖೆ ತೆರೆಯುವ ಆಲೋಚನೆಯಿದೆ. ಅಲ್ಲಿಗೂ ಇದೇ ಕ್ರಮ ಸಾಕೇ?

ಉತ್ತರ: ನೀವು ಕೇಳದ ವಿಷಯವೊಂದರಿಂದ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಾದದ್ದು ಅದೇ. ಭವಿಷ್ಯನಿಧಿಯ, ಅಂದರೆ ಪಿ.ಎಫ್.ನ ಮಟ್ಟಿಗೆ ನಿಮ್ಮಲ್ಲಿ ಇಪ್ಪತ್ತು ಜನರಿಲ್ಲವೆಂಬ ಲೆಕ್ಕ ಸರಿಯಲ್ಲ. ಒಂದೇ ಒಡೆತನದ ವ್ಯಾಪಾರದ ವಿಭಾಗಗಳನ್ನೂ ಶಾಖೆಗಳನ್ನೂ, ಅವು ಬೇರೆ ಬೇರೆ ಊರುಗಳಲ್ಲಿದ್ದರೂ, ಒಂದೇ ಸಂಸ್ಥೆಯ ಭಾಗಗಳೆಂದು ಎಣಿಸುವುದು 1952ರ ಭವಿಷ್ಯನಿಧಿ ಕಾಯಿದೆಯ 2ಎ ಕಲಮಿನಿಂದ ಬಂದ ಪದ್ಧತಿ. ಠಾಣೆಯ 17 ಮತ್ತು ಪುಣೆಯ 8 ಸೇರಿದರೆ 25. ಪುಣೆಯಲ್ಲಿ ನೇಮಕಾತಿ ಮಾಡುತ್ತಾ ಒಟ್ಟು ಸಂಖ್ಯೆ ಯಾವ ದಿನ ಇಪ್ಪತ್ತನ್ನು ಮುಟ್ಟಿತೋ ಆ ದಿನದಿಂದ ನಿಮ್ಮ ಹೊಣೆ ಆರಂಭವಾಗಿದೆ. ತಡವಾದಷ್ಟೂ ಬಾಕಿಯ ಮೇಲೆ ಬಡ್ಡಿಯೂ ದಂಡವೂ ಏರುತ್ತವೆ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಹಿಂದಿನ ತಿಂಗಳುಗಳಲ್ಲಿ ಕಡಿತ ಮಾಡದೆ ಬಿಟ್ಟ ಕೆಲಸಗಾರರ ಪಾಲನ್ನು ಈಗ ಅವರ ಸಂಬಳದಿಂದ ಹಿಡಿಯುವಂತಿಲ್ಲ. ಎರಡೂ ಪಾಲು ನಿಮ್ಮ ಕೈಯಿಂದಲೇ ಹೋಗುತ್ತದೆ. ಹಳೆಯ ಮಸ್ಟರ್ (ಹಾಜರಿ ಪುಸ್ತಕ) ತೆಗೆದು ಆ ದಿನಾಂಕವನ್ನು ಗುರುತಿಸಿ, ನೋಟಿಸಿಗೆ ಕಾಯದೆ ನೋಂದಣಿ ಮಾಡಿಸಿಕೊಳ್ಳಿ. ಗಮನಿಸಬೇಕಾದದ್ದೇನೆಂದರೆ, ಈ ಹೊಣೆ ನಿಮ್ಮ ಮೇಲೆ ಬಂದದ್ದು ಯಾವ ಹೊಸ ಕಾನೂನಿನಿಂದಲೂ ಅಲ್ಲ. ನಿಮ್ಮ ವ್ಯಾಪಾರ ಬೆಳೆದು ಹಳೆಯ ಕಾನೂನಿನ ಗೆರೆಯನ್ನು ದಾಟಿತು. ಮುಂಬಯಿ, ಠಾಣೆ, ಪುಣೆಗಳ ಸಣ್ಣ ಮಾಲೀಕರು ಸಿಕ್ಕಿಬೀಳುವುದು ಹೆಚ್ಚಾಗಿ ಇಂಥ ಕಡೆಯಲ್ಲೇ.

ಈಗ ಇಪ್ಪತ್ತರ ಮಾತಿಗೆ ಬರೋಣ. ನಮ್ಮವರು ಇಂದಿಗೂ ಗುಮಾಸ್ತಾ ಎಂದೇ ಕರೆಯುವ 1948ರ ಮುಂಬಯಿ ಅಂಗಡಿ ಕಾಯಿದೆಯ ಜಾಗದಲ್ಲಿ, 2017ರ ಡಿಸೆಂಬರ್ 19ರಿಂದ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಹೊಸ ಕಾಯಿದೆ ಜಾರಿಯಲ್ಲಿದೆ. ಅದರ ಪ್ರಕಾರ ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆ ನೋಂದಣಿ ಮಾಡಿಸಬೇಕಿತ್ತು. ಅದಕ್ಕಿಂತ ಚಿಕ್ಕದಾದುದು ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಿ ರಸೀದಿ ಪಡೆದರೆ ಸಾಕಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಒಪ್ಪಿ, ಬಳಿಕ ಸುಗ್ರೀವಾಜ್ಞೆಯ ಮೂಲಕ ತಂದ ತಿದ್ದುಪಡಿ ಈ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ದಿನದ ಕೆಲಸದ ಮಿತಿಯನ್ನು 9 ಗಂಟೆಯಿಂದ 10ಕ್ಕೆ, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 125 ಗಂಟೆಯಿಂದ 144ಕ್ಕೆ ಹೆಚ್ಚಿಸಿತು. ವಾರದ 48 ಗಂಟೆಗಳ ಮಿತಿ ಹಾಗೆಯೇ ಉಳಿಯಿತು. ಈ ಕಾಯಿದೆಯಲ್ಲಿ ಒಂದೊಂದು ಜಾಗವನ್ನೂ ಪ್ರತ್ಯೇಕವಾಗಿ ನೋಡುವುದರಿಂದ ನಿಮ್ಮ ಎರಡೂ ಹೊಟೇಲುಗಳು ಗೆರೆಯ ಕೆಳಗೇ ಬರುತ್ತವೆ. ನಿಮ್ಮ ಪರಿಚಿತರ ಮಾತು ಅಷ್ಟರ ಮಟ್ಟಿಗೆ ನಿಜ.

ಆದರೆ ಒಂದು ಕಾಯಿದೆ ಕೈಬಿಟ್ಟ ಜಾಗವನ್ನು ಇನ್ನೊಂದು ಕಾಯಿದೆ ಹಿಡಿದಿರುತ್ತದೆಂಬುದನ್ನು ಅವರು ಹೇಳಲಿಲ್ಲ. ಕೇಂದ್ರದ ನಾಲ್ಕು ಸಂಹಿತೆಗಳು, ಅಂದರೆ 2019ರ ವೇತನ ಸಂಹಿತೆ ಮತ್ತು 2020ರ ಔದ್ಯೋಗಿಕ ಸಂಬಂಧ, ಸಾಮಾಜಿಕ ಭದ್ರತೆ ಹಾಗೂ ವೃತ್ತಿ ಸುರಕ್ಷತಾ ಸಂಹಿತೆಗಳು, 29 ಹಳೆಯ ಕೇಂದ್ರ ಕಾನೂನುಗಳನ್ನು ಒಟ್ಟುಗೂಡಿಸಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ವೃತ್ತಿ ಸುರಕ್ಷತಾ ಸಂಹಿತೆಯಲ್ಲಿ ವ್ಯಾಪಾರ ನಡೆಯುವ ಜಾಗದಲ್ಲಿ ಹತ್ತು ಕೆಲಸಗಾರರಿದ್ದರೆ ಸಾಕು, ಅದು ಸಂಸ್ಥೆಯೇ. ಆದುದರಿಂದ ನಿಮ್ಮ ಠಾಣೆಯ ಹೊಟೇಲು ಗುಮಾಸ್ತಾ ಕಾಯಿದೆಯಿಂದ ಹೊರಬಂದರೂ ಇದರೊಳಗೆ ಇದೆ. ಅಲ್ಲಿ ದಿನದ ಕೆಲಸ ಎಂಟು ಗಂಟೆ ಮೀರುವಂತಿಲ್ಲ. ಓವರ್‌ಟೈಮಿಗೆ ಎರಡು ಪಟ್ಟು ವೇತನ. ವರ್ಷದಲ್ಲಿ 180 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ. ಪ್ರತಿಯೊಬ್ಬನಿಗೂ ನೇಮಕಾತಿ ಪತ್ರ. ಎಂಟು ಜನರ ಪುಣೆ ಶಾಖೆ ಇದರಿಂದಲೂ ಹೊರಗುಳಿಯಬಹುದು. ಅದಕ್ಕೆ ವೇತನ ಸಂಹಿತೆ ಇದೆ. ಕನಿಷ್ಠ ವೇತನ, ವಾರದ ರಜೆ, ಎರಡು ಪಟ್ಟು ಓವರ್‌ಟೈಮ್ ಇವುಗಳಿಗೆ ಆ ಸಂಹಿತೆ ತಲೆ ಎಣಿಸುವುದೇ ಇಲ್ಲ. ಒಬ್ಬನೇ ಸಪ್ಲಾಯರ್ ಇದ್ದರೂ ಅನ್ವಯಿಸುತ್ತದೆ.

ರಾಜ್ಯದ ಕಾನೂನು ಹತ್ತು ಗಂಟೆ ಎನ್ನುವಾಗ ಕೇಂದ್ರದ್ದು ಎಂಟು ಗಂಟೆ ಎಂದರೆ ಯಾವುದನ್ನು ಪಾಲಿಸಬೇಕೆಂದು ನೀವು ಕೇಳುವುದು ಸಹಜ. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಸಂಸತ್ತೂ ವಿಧಾನಮಂಡಲವೂ ಅದರ ಮೇಲೆ ಕಾನೂನು ಮಾಡಬಹುದು. ಎರಡಕ್ಕೂ ಘರ್ಷಣೆ ಬಂದರೆ 254ನೆಯ ಅನುಚ್ಛೇದದ ಪ್ರಕಾರ ಸಂಸತ್ತಿನ ಕಾನೂನೇ ನಿಲ್ಲುತ್ತದೆ. ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿ ಅವರ ಅಂಕಿತ ಪಡೆದಿದ್ದರೆ ಮಾತ್ರ ಆ ರಾಜ್ಯದೊಳಗೆ ರಾಜ್ಯದ ಕಾನೂನಿಗೆ ಮೇಲುಗೈ. ಇಂಥ ವಾದಗಳು ಉಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಗಲು ವರ್ಷಗಳು ಹಿಡಿಯುತ್ತವೆ, ಮತ್ತು ಅದನ್ನು ತೀರ್ಮಾನಿಸಿಕೊಡುವ ಕಕ್ಷಿದಾರ ನೀವಾಗಬೇಕಾದ ಅಗತ್ಯವಿಲ್ಲ. ಎರಡು ಕಾನೂನುಗಳು ಬೇರೆ ಬೇರೆ ಮಿತಿ ಹೇಳುವಾಗ ಕೆಲಸಗಾರನಿಗೆ ಹೆಚ್ಚು ಅನುಕೂಲವಾದುದನ್ನು ಪಾಲಿಸುವುದು ಕ್ಷೇಮವೆಂಬುದು ನನ್ನ ಅಭಿಪ್ರಾಯ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆಯೆಂದು ಪಾಳಿ ಹಾಕಿದರೆ 48 ಗಂಟೆಗಳ ಲೆಕ್ಕವೂ ಸರಿಹೋಗುತ್ತದೆ. ಬೆಳಗಿನ ಇಡ್ಲಿಯ ಹೊತ್ತಿನಿಂದ ರಾತ್ರಿ ಹನ್ನೊಂದರವರೆಗೆ ಒಂದೇ ತಂಡವನ್ನು, ಮಧ್ಯಾಹ್ನ ಮೂರರಿಂದ ಐದರವರೆಗೆ ಬಿಡುವು ಕೊಟ್ಟು, ದುಡಿಸುವ ನಮ್ಮ ಹಳೆಯ ಕ್ರಮ ಯಾವ ಕಾನೂನಿನಡಿಯಲ್ಲೂ ನಿಲ್ಲುವುದಿಲ್ಲ. ಎರಡು ಪಾಳಿಗಳಿಗೆ ಎರಡು ತಂಡ ಬೇಕಾದರೆ ಖರ್ಚು ಬರುತ್ತದೆ, ನಿಜ. ಆ ಖರ್ಚನ್ನು ದೋಸೆಯ ದರದಲ್ಲಿ ಹಿಡಿಯುವುದೇ ದಾರಿ.

ನಿಯಮಗಳು ಬರಲಿ ಎನ್ನುವ ನಿಮ್ಮ ಸಲಹೆಗಾರರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ನಮೂನೆಗಳು, ರಿಜಿಸ್ಟರುಗಳು, ಅರ್ಜಿಯ ಕ್ರಮ ಇವು ನಿಯಮಗಳನ್ನು ಅವಲಂಬಿಸಿವೆ. ಅವು ಅಂತಿಮವಾಗುವವರೆಗೆ ಹಳೆಯ ನಿಯಮಗಳೂ ಅಧಿಸೂಚನೆಗಳೂ ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಮುಂದುವರಿಯುತ್ತವೆಂದು ಸಂಹಿತೆಗಳಲ್ಲಿಯೇ ಹೇಳಿದೆ. ಆದರೆ ಸಂಹಿತೆಯ ಕಲಮಿನಲ್ಲೇ ಸ್ಪಷ್ಟವಾಗಿ ಬರೆದ ಕರ್ತವ್ಯಕ್ಕೆ ನಿಯಮದ ದಾರಿ ಕಾಯುವಂತಿಲ್ಲ. ಉದಾಹರಣೆಗೆ, ಕೆಲಸ ಬಿಟ್ಟವನ ಅಥವಾ ತೆಗೆದವನ ವೇತನದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಮೇ ತಿಂಗಳಲ್ಲಿ ಊರಿಗೆ ಹೋದ ಭಟ್ಟರು ಮರಳಿ ಬರುತ್ತಾರೋ ಇಲ್ಲವೋ ನೋಡೋಣವೆಂದು ಲೆಕ್ಕವನ್ನು ಗಣೇಶ ಚತುರ್ಥಿಯವರೆಗೆ ತೆರೆದಿಡುವ ರೂಢಿ ನಮ್ಮ ಹೊಟೇಲುಗಳಲ್ಲಿ ಇನ್ನೂ ಇದೆ. ರಜೆಯೆಂದಾದರೆ ರಜೆಯ ಅರ್ಜಿ ಇರಲಿ, ಬಿಟ್ಟದ್ದೆಂದಾದರೆ ಲೆಕ್ಕ ತೀರಲಿ.

ವೇತನದ ವ್ಯಾಖ್ಯೆಯೂ ಹೀಗೆಯೇ. ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಯಂಥ ವ್ಯಾಖ್ಯೆಯಿಂದ ಹೊರಗಿಟ್ಟ ಮೊತ್ತಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗ ವೇತನಕ್ಕೇ ಸೇರುತ್ತದೆ. ಒಬ್ಬ ಕ್ಯಾಪ್ಟನ್ನಿಗೆ (ಸಪ್ಲಾಯರುಗಳ ಮೇಲ್ವಿಚಾರಕನಿಗೆ) ಒಟ್ಟು 30,000 ರೂಪಾಯಿ ಕೊಡುತ್ತ, ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 13,000, ಉಳಿದ ಭತ್ಯೆಗಳು 17,000 ಎಂದು ತೋರಿಸಿದ್ದೀರೆಂದುಕೊಳ್ಳಿ. ಅರ್ಧವೆಂದರೆ 15,000, ಮೀರಿದ್ದು 2,000. ಆದುದರಿಂದ ಅವನ ವೇತನ 15,000 ಆಗುತ್ತದೆ, ಮತ್ತು ಗ್ರಾಚ್ಯುಟಿಯಂಥ ಲೆಕ್ಕಗಳು ಅದರ ಮೇಲೆ ನಡೆಯುತ್ತವೆ. ನಿಗದಿತ ಅವಧಿಗೆ ನೇಮಕಗೊಂಡವನಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆಂಬುದನ್ನೂ ನೆನಪಿನಲ್ಲಿಡಿ. ಮೂರು ವರ್ಷದ ಒಪ್ಪಂದ ಬರೆಸಿಕೊಂಡರೆ ಗ್ರಾಚ್ಯುಟಿ ತಪ್ಪುತ್ತದೆಂಬ ಹಳೆಯ ಉಪಾಯಕ್ಕೆ ಈಗ ಬೆಲೆಯಿಲ್ಲ.

ಹಾಗಾದರೆ ಬದಲಾವಣೆಗಳನ್ನು ಗಮನಿಸುವ ಕ್ರಮ ಯಾವುದು? ಫೋನಿಗೆ ಬರುವ ಸುದ್ದಿಯನ್ನು ನಂಬಬೇಕೋ ಬೇಡವೋ ಎಂದು ಯೋಚಿಸುವ ಮೊದಲು, ಅದು ಯಾವ ಹಂತದ ಸುದ್ದಿಯೆಂದು ಕೇಳಿಕೊಳ್ಳಿ. ಸಂಪುಟದ ಒಪ್ಪಿಗೆ ಕಾನೂನಲ್ಲ. ಮಸೂದೆ ಅಂಗೀಕಾರವಾದರೂ ಜಾರಿಯ ದಿನಾಂಕವನ್ನು ಅಧಿಸೂಚನೆ ಹೇಳಬೇಕು. ವೇತನ ಸಂಹಿತೆ 2019ರಲ್ಲಿ ಅಂಗೀಕಾರವಾಗಿ 2025ರವರೆಗೆ ಬಹುಪಾಲು ಕಪಾಟಿನಲ್ಲೇ ಇತ್ತು, ಆ ಅವಧಿಯುದ್ದಕ್ಕೂ ಮುಂದಿನ ತಿಂಗಳಿನಿಂದ ಜಾರಿಯೆಂಬ ಸುದ್ದಿ ಮಾತ್ರ ವರ್ಷಕ್ಕೊಮ್ಮೆ ಹೊಸದಾಗಿ ಓಡಾಡಿತು. ಸುಗ್ರೀವಾಜ್ಞೆ ಹೊರಟ ದಿನವೇ ಕಾನೂನಿನಷ್ಟೇ ಬಲವುಳ್ಳದ್ದು. ಆದರೆ ಶಾಸಕಾಂಗ ಮತ್ತೆ ಸೇರಿ ಆರು ವಾರಗಳೊಳಗೆ ಅದರ ಜಾಗಕ್ಕೆ ಕಾಯಿದೆ ಬರದಿದ್ದರೆ ಬಿದ್ದುಹೋಗುತ್ತದೆ, ಆದುದರಿಂದ ಸುಗ್ರೀವಾಜ್ಞೆಯ ಪ್ರತಿಯ ಜೊತೆಗೆ ನಂತರದ ಕಾಯಿದೆಯ ಪ್ರತಿಯನ್ನೂ ಕೇಳಿ ಪಡೆಯಬೇಕು. ಕರಡು ಅಧಿಸೂಚನೆ ಆಕ್ಷೇಪಣೆಗಳಿಗಾಗಿ ಪ್ರಕಟಿಸಿದ್ದು. ಅದರ ಅಂಕಿಗಳನ್ನು ಸಂಬಳದ ಪಟ್ಟಿಗೆ ಏರಿಸಬೇಡಿ. ಜಿ.ಆರ್. ಎಂದು ಎಲ್ಲರೂ ಹಿಡಿದು ತಿರುಗುವ ಸರಕಾರಿ ನಿರ್ಣಯ (ಮರಾಠಿಯಲ್ಲಿ ‘ಶಾಸನ ನಿರ್ಣಯ’) ಇಲಾಖೆಯ ಆಡಳಿತಾತ್ಮಕ ಆದೇಶ. ಕಾಯಿದೆಯ ಅಡಿಯ ಅಧಿಸೂಚನೆ ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ಇವೆಲ್ಲ ಸಾಮಾನ್ಯವಾಗಿ ಮರಾಠಿಯಲ್ಲಿರುತ್ತವೆ. ಮುಂಬಯಿ ಕನ್ನಡಿಗರಿಗೆ ದೇವನಾಗರಿ ಓದುವುದು ಹೊಸದಲ್ಲವಾದ್ದರಿಂದ, ಸಾರಾಂಶಕ್ಕಿಂತ ಮೂಲವನ್ನೇ ನೋಡುವ ಅಭ್ಯಾಸ ಮಾಡಿಕೊಳ್ಳಿ. ದಿನಾಂಕ, ಯಾವ ಉದ್ಯೋಗಕ್ಕೆ, ಎಂದಿನಿಂದ ಅನ್ವಯ, ಈ ಮೂರನ್ನು ಕಂಡುಹಿಡಿಯಲು ಎರಡು ಪುಟ ಓದಿದರೆ ಸಾಕಾಗುತ್ತದೆ.

ಇಂಥ ದೊಡ್ಡ ಸುದ್ದಿಗಳು ವರ್ಷಕ್ಕೊಂದೋ ಎರಡೋ ಬರುತ್ತವೆ, ಎಲ್ಲರೂ ಮಾತಾಡುವುದರಿಂದ ಹೇಗೂ ಕಿವಿಗೆ ಬೀಳುತ್ತವೆ. ಸದ್ದಿಲ್ಲದೆ ಬರುವ ಆವರ್ತಕ ಬದಲಾವಣೆಗಳ ಬಗ್ಗೆ ನೀವು ಹೆಚ್ಚು ಎಚ್ಚರದಿಂದಿರಬೇಕು, ಮುಖ್ಯವಾಗಿ ಕನಿಷ್ಠ ವೇತನದ ವಿಶೇಷ ಭತ್ಯೆಯ ಬಗ್ಗೆ. ಮಹಾರಾಷ್ಟ್ರದಲ್ಲಿ ಗ್ರಾಹಕ ಬೆಲೆ ಸೂಚ್ಯಂಕವನ್ನು ಆಧರಿಸಿ ಈ ಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕೃತವಾಗುತ್ತದೆ: ಜನವರಿಯಿಂದ ಜೂನ್‌ವರೆಗೆ ಒಂದು ದರ, ಜುಲೈಯಿಂದ ಡಿಸೆಂಬರ್‌ವರೆಗೆ ಇನ್ನೊಂದು. ಕಾರ್ಮಿಕ ಆಯುಕ್ತರ ಕಚೇರಿಯ ಪ್ರಕಟಣೆ ಕೆಲವೊಮ್ಮೆ ವಾರಗಳ ಬಳಿಕ ಕೈಸೇರುತ್ತದೆ. ಅನ್ವಯವಾಗುವುದು ಮಾತ್ರ ಜನವರಿ 1 ಅಥವಾ ಜುಲೈ 1ರಿಂದಲೇ. ಆದುದರಿಂದ ವ್ಯತ್ಯಾಸದ ಬಾಕಿಯನ್ನು ನಂತರದ ಸಂಬಳದಲ್ಲಿ ಸೇರಿಸಿ ಕೊಡಬೇಕು, ಅದನ್ನು ವೇತನಚೀಟಿಯಲ್ಲಿ ಬೇರೆಯಾಗಿ ತೋರಿಸಬೇಕು. ಊಟ ಮತ್ತು ವಸತಿ ಕೊಡುತ್ತೇವೆಂಬ ಕಾರಣಕ್ಕೆ ನೀವೇ ಒಂದು ಮೊತ್ತ ನಿಗದಿ ಮಾಡಿ ಕನಿಷ್ಠ ದರದಿಂದ ಕಳೆಯಲು ಬರುವುದಿಲ್ಲ. ತಪಾಸಣೆಗೆ ಬಂದವರು ಮೊದಲು ಕೈಯಿಕ್ಕುವ ಜಾಗಗಳಲ್ಲಿ ಇದೂ ಒಂದು.

ಈ ದರ ಪ್ರದೇಶದ ಮೇಲೂ ನಿಂತಿದೆ. ಪ್ರತಿಯೊಂದು ಉದ್ಯೋಗದ ಪಟ್ಟಿಯಲ್ಲಿ ಪರಿಮಂಡಲಗಳೆಂಬ ವಿಭಾಗಗಳಿರುತ್ತವೆ, ಮಹಾನಗರಪಾಲಿಕೆಯ ವ್ಯಾಪ್ತಿಗೆ ದರ ಹೆಚ್ಚು, ಹಳ್ಳಿಗಳಿಗೆ ಕಡಿಮೆ. ನಿಮ್ಮ ಪುಣೆಯ ಶಾಖೆ ಹೊರವಲಯದಲ್ಲಿದೆಯೆಂದು ಬರೆದಿದ್ದೀರಿ. ಪುಣೆ ಮಹಾನಗರಪಾಲಿಕೆಗೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಸೇರಿದವು. ಆಮೇಲೆಯೂ ಗಡಿಯಲ್ಲಿ ಹೊಂದಾಣಿಕೆಗಳಾಗಿವೆ. ಅಂಥ ಊರಿನಲ್ಲಿ ಹೊಟೇಲು ನಡೆಸುವವನಿಗೆ ಕಾರ್ಮಿಕ ಇಲಾಖೆ ಒಂದಕ್ಷರ ತಿದ್ದದಿದ್ದರೂ, ನಗರಾಭಿವೃದ್ಧಿ ಇಲಾಖೆಯ ಆದೇಶದಿಂದಲೇ ವೇತನದ ದರ ಬದಲಾಗಬಹುದು. ಮನೆಮಾಲೀಕರು ಆಸ್ತಿ ತೆರಿಗೆಯನ್ನು ಈಗ ಎಲ್ಲಿ ಕಟ್ಟುತ್ತಿದ್ದಾರೆಂದು ಕೇಳಿನೋಡಿ, ಉತ್ತರ ಅಲ್ಲೇ ಸಿಗುತ್ತದೆ.

ಉಳಿದ ಆವರ್ತಕ ಬಾಬತ್ತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಐದು ಅಥವಾ ಹೆಚ್ಚು ಜನರಿದ್ದಲ್ಲಿ ಕಾರ್ಮಿಕ ಕಲ್ಯಾಣ ನಿಧಿಯ ವಂತಿಗೆ ಜೂನ್ ಮತ್ತು ಡಿಸೆಂಬರಿನಲ್ಲಿ ಬರುತ್ತದೆ. 2024ರ ಪರಿಷ್ಕರಣೆಯ ಬಳಿಕ ಕೆಲಸಗಾರನದ್ದು 25 ರೂಪಾಯಿ, ನಿಮ್ಮದು 75. ವೃತ್ತಿ ತೆರಿಗೆಯಲ್ಲಿ 10,000 ರೂಪಾಯಿ ಮೀರಿದ ಸಂಬಳದ ಗಂಡಸಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ಕಡಿತ. ಹೆಂಗಸರಿಗೆ 2023ರ ಏಪ್ರಿಲ್‌ನಿಂದ 25,000ದವರೆಗೆ ವಿನಾಯಿತಿ. ಕರ್ನಾಟಕದಲ್ಲಿ 25,000ದ ಗೆರೆ ಗಂಡಸರಿಗೂ ಇರುವುದರಿಂದ, ಉಡುಪಿಯಲ್ಲೋ ಮಂಗಳೂರಿನಲ್ಲೋ ಲೆಕ್ಕ ಬರೆಸುವ ಮಾಲೀಕರು ಅದನ್ನೇ ಇಲ್ಲಿಗೂ ಹಾಕಿ ತೊಂದರೆಗೆ ಸಿಕ್ಕುವುದುಂಟು. ನಾಮಫಲಕದ ಮೇಲೆ ಕನ್ನಡ ಬರೆಸಲು ಅಡ್ಡಿಯಿಲ್ಲ, ಆದರೆ 2022ರ ತಿದ್ದುಪಡಿಯಂತೆ ದೇವನಾಗರಿಯ ಮರಾಠಿ ಮೊದಲು ಬರಬೇಕು, ಅಕ್ಷರಗಳೂ ಬೇರೆ ಲಿಪಿಗಿಂತ ಚಿಕ್ಕದಿರಬಾರದು. ಕೆಲಸಗಾರರು ಕಡಿಮೆಯೆಂದು ಇದಕ್ಕೆ ವಿನಾಯಿತಿಯಿಲ್ಲ. ಹತ್ತು ಜನರಿದ್ದಲ್ಲಿ 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಂತೆ ಆಂತರಿಕ ಸಮಿತಿಯೂ ವಾರ್ಷಿಕ ವರದಿಯೂ ಬೇಕು. ಕೆಲಸಗಾರರೆಲ್ಲ ಗಂಡಸರೇ ಎಂಬುದು ಉತ್ತರವಾಗುವುದಿಲ್ಲ, ಗಿರಾಕಿಯಾಗಿ ಬಂದ ಮಹಿಳೆಯೂ ದೂರು ಕೊಡಬಹುದು. ಹದಿನಾಲ್ಕು ತುಂಬದ ಹುಡುಗನನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಊರಿನಿಂದ ಬಂದ ಬಾಲಕರು ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ದೊಡ್ಡವರಾದ ಕಥೆಯನ್ನು ನಮ್ಮ ಹಿರಿಯರು ಅಭಿಮಾನದಿಂದ ಹೇಳುತ್ತಾರೆ; ಅದನ್ನು ಇಂದು ಯಾರಾದರೂ ಆಚರಣೆಗೆ ತಂದರೆ ಅದು ಶಿಕ್ಷಾರ್ಹ ಅಪರಾಧ.

ಇಷ್ಟೆಲ್ಲವನ್ನೂ ನೀವೊಬ್ಬರೇ ಮಾಡಬೇಕಿಲ್ಲ, ಆದರೆ ಯಾರು ಏನು ಮಾಡುತ್ತಾರೆಂಬುದು ನಿಮಗೆ ಗೊತ್ತಿರಬೇಕು. ಸಲಹೆಗಾರರಿಗೆ ತಿಂಗಳ ಹಣ ಕೊಟ್ಟ ಮಾತ್ರಕ್ಕೆ ಹೊಣೆ ಅವರಿಗೆ ದಾಟುವುದಿಲ್ಲ. ಪ್ರಕರಣ ದಾಖಲಾಗುವುದು ಮಾಲೀಕರ ಹೆಸರಿನಲ್ಲೇ. ಜನವರಿ ಮತ್ತು ಜುಲೈಯಲ್ಲಿ, ಆ ಅರ್ಧವರ್ಷದಲ್ಲಿ ಬದಲಾದದ್ದೇನು, ಅದು ನಿಮ್ಮ ಎರಡು ಜಾಗಗಳಿಗೆ ಅನ್ವಯಿಸುತ್ತದೆಯೇ, ಏಕೆ ಎಂಬುದನ್ನು ಅಧಿಸೂಚನೆಯ ಪ್ರತಿಯೊಂದಿಗೆ ಬರಹದಲ್ಲಿ ಕೊಡಬೇಕೆಂದು ಅವರೊಡನೆ ಒಪ್ಪಂದ ಮಾಡಿಕೊಳ್ಳಿ. ಏನೂ ಬದಲಾಗಿಲ್ಲವೆಂದಾದರೆ ಅದನ್ನೂ ಬರೆದು ಸಹಿ ಹಾಕಲಿ. ಇ.ಎಸ್.ಐ. ಮತ್ತು ಪಿ.ಎಫ್. ಚಲನ್‌ಗಳ ಜೊತೆ ಹೆಸರುಗಳ ಪಟ್ಟಿಯನ್ನು ತರಿಸಿ ಮಸ್ಟರಿಗೆ ತಾಳೆ ನೋಡುವುದನ್ನು ನೀವೇ ಮಾಡಿ. ಅದನ್ನು ಯಾರಿಗೂ ವಹಿಸಬೇಡಿ. ಮುಂಬಯಿಯ ಹೊಟೇಲಿಗರ ಸಂಘ ಆಹಾರ್ ಕಳಿಸುವ ಸುತ್ತೋಲೆಗಳು ಉಪಯುಕ್ತ, ಆದರೆ ಅವು ಇಡೀ ಉದ್ಯಮಕ್ಕೆ ಬರೆದವು. ಠಾಣೆಯಲ್ಲಿ 17, ಪುಣೆಯಲ್ಲಿ 8 ಎಂಬ ನಿಮ್ಮ ಲೆಕ್ಕ ಅವುಗಳಲ್ಲಿ ಇರುವುದಿಲ್ಲ. ಪ್ರತಿ ಹೊಸ ನೇಮಕಾತಿಯ ದಿನ ಎರಡೂ ಜಾಗಗಳ ಸಂಖ್ಯೆಯನ್ನೂ ಅವುಗಳ ಮೊತ್ತವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ದಿನಗೂಲಿಯವರನ್ನೂ ಏಜೆನ್ಸಿ ಕಳಿಸಿದವರನ್ನೂ ಬಿಡಬೇಡಿ. ಸಾಮಾಜಿಕ ಭದ್ರತೆಯ ಮಟ್ಟಿಗೆ ಒಮ್ಮೆ ಗೆರೆ ದಾಟಿದ ಸಂಸ್ಥೆ, ನಂತರ ಜನ ಕಡಿಮೆಯಾದರೂ, ಅದರೊಳಗೇ ಉಳಿಯುತ್ತದೆ. ಆದ್ದರಿಂದ ಗೆರೆಯನ್ನು ಮುಟ್ಟಿದ ದಿನಾಂಕಕ್ಕೆ ಅಷ್ಟು ಮಹತ್ವ.

ಮಡಗಾಂವಿನ ವಿಷಯ. ಗೋವಾಕ್ಕೆ ತನ್ನದೇ ಆದ 1973ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ, ತನ್ನದೇ ಕನಿಷ್ಠ ವೇತನದ ದರಗಳು ಮತ್ತು ತನ್ನದೇ ಕಾರ್ಮಿಕ ಕಲ್ಯಾಣ ನಿಧಿ ಇವೆ. ವೃತ್ತಿ ತೆರಿಗೆ ಅಲ್ಲಿಲ್ಲ. ಮೇಲೆ ಹೇಳಿದ ಗುಮಾಸ್ತಾದ ಇಪ್ಪತ್ತರ ಗೆರೆ, ಪರಿಮಂಡಲಗಳು, ಮರಾಠಿ ಫಲಕ, ಇವು ಯಾವುವೂ ಮಹಾರಾಷ್ಟ್ರದ ಗಡಿಯನ್ನು ದಾಟುವುದಿಲ್ಲ. ಕೇಂದ್ರದ ಸಂಹಿತೆಗಳು ದಾಟುತ್ತವೆ, ಅವುಗಳಡಿ ಗೋವಾ ಸರಕಾರ ಮಾಡುವ ನಿಯಮಗಳು ಬೇರೆಯಾಗಿರುತ್ತವೆ. ಆದುದರಿಂದ ಅಲ್ಲಿಗೆ ಠಾಣೆಯ ಫೈಲನ್ನು ನಕಲು ಮಾಡದೆ ಪ್ರತ್ಯೇಕ ಫೈಲು ತೆರೆಯಿರಿ, ಪಣಜಿ ಅಥವಾ ಮಡಗಾಂವಿನವರೇ ಆದ ಸಲಹೆಗಾರರನ್ನು ಹಿಡಿಯಿರಿ. ಪಿ.ಎಫ್. ಲೆಕ್ಕದಲ್ಲಿ ಮಾತ್ರ ಮಡಗಾಂವಿನ ಮೊದಲ ಕೆಲಸಗಾರ ನಿಮ್ಮ ಇಪ್ಪತ್ತಾರನೆಯವನಾಗಿ ಠಾಣೆಯ ಸಂಸ್ಥೆಗೇ ಸೇರುತ್ತಾನೆ.